ಗಿರಿಜಕ್ಕನ ದೇಶ ಗೆದ್ದ ಬಗೆ

ಬೆಳಗ್ಗೆ ಹುರುಳಿಕಾಳಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು, ಬೆಳ್ಳುಳ್ಳಿ ಕೆಂಪಗಾಗಿ, ಒಣಮೆಣಸಿನಕಾಯಿ ಉಬ್ಬಿ ಎದ್ದ ಘಾಟಿಗೆ ನಮ್ಮ ಯಜಮಾನರು ಜಗಲಿಯಲ್ಲಿ ಕೂತಲ್ಲೇ ಸೀನಿದರು. ಇದರಲ್ಲಿ ಹೇಳಿಕೊಳ್ಳುವಂಥದ್ದೇನು ಎಂದು ನೀವು ಕೇಳಬಹುದು. ಒಗ್ಗರಣೆಯ ವಾಸನೆ ನಿಮ್ಮ ಮನೆಯಲ್ಲೂ ದಿನಾ ಏಳುತ್ತದೆ. ಆದರೆ ನಮ್ಮ ಮನೆಯಲ್ಲಿ ಅದು ವಾರದಿಂದ ಇರಲಿಲ್ಲ. ಹೊಂಗಡಹಳ್ಳದ ಕಡೆಯ ನಮ್ಮೂರಿನಲ್ಲಿ ಸುಗ್ಗಿ ಕುಣಿತದ ಹಬ್ಬ ಸಾರಿದರೆಂದರೆ, ಅದು ಮುಗಿಯುವ ತನಕ ಒಲೆಯ ಮೇಲೆ ಒಗ್ಗರಣೆ ಸಿಡಿಯಬಾರದು, ಹಸಿ ಮರಕ್ಕೆ ಕತ್ತಿ ತಾಕಿಸಬಾರದು, ಕಾಲಿಗೆ ಚಪ್ಪಲಿ ಮೆಟ್ಟಬಾರದು. ಊರಿಂದ ಊರಿಗೆ ಕಟ್ಟಳೆ ಸ್ವಲ್ಪ ಬೇರೆಯಾಗುತ್ತದೆ. ನಮ್ಮೂರಿನದು ಹೀಗೆ. ನಿನ್ನೆ ಸುಗ್ಗಿ ಮುಗಿಯಿತು, ಇವತ್ತು ಬಾಣಲೆ ಒಲೆ ಏರಿತು.

ಸೌಟು ಹಿಡಿದುಕೊಂಡೇ ನಾನು ಕಿಟಕಿಯಿಂದ ಅಂಗಳದಾಚೆಯ ಬಾಗಿಲನ್ನು ನೋಡುತ್ತ ನಿಂತೆ. ಅದು ನನ್ನ ಓರಗಿತ್ತಿ ಗಿರಿಜಕ್ಕನ ಮನೆ. ಪಾಲಾದಾಗ ಹಳೆಯ ಮನೆಯೂ ಅದರ ದೊಡ್ಡ ಅಂಗಳವೂ ಭಾವನ ಪಾಲಿಗೆ ಬಂತು. ನಾವು ಪಕ್ಕದಲ್ಲಿ ಹೊಸ ಮನೆ ಕಟ್ಟಿಕೊಂಡೆವು. ಜಗಳವೇನೂ ಇಲ್ಲ. ಅವರು ನಮ್ಮ ಮನೆಗೆ ಬರುತ್ತಾರೆ, ಹೆಪ್ಪಿಗೆ ಮಜ್ಜಿಗೆ ಒಯ್ಯುತ್ತಾರೆ, ಒಂದು ಗಂಟೆ ನಿಂತು ಮಾತಾಡುತ್ತಾರೆ. ಆದರೆ ನಾನು ಹೋಂ ಸ್ಟೇ ತೆರೆದ ದಿನದಿಂದ ನಮ್ಮ ಮನೆಯಲ್ಲಿ ಅವರು ಒಂದು ತುತ್ತು ಉಂಡವರಲ್ಲ. ಕಾರಣ ಕೇಳಿದ್ದಕ್ಕೆ ಒಂದೇ ಸಲ, ಬಹಳ ನಿಧಾನವಾಗಿ ಹೇಳಿದ್ದರು.

‘ನಿಂದು ಈಗ ಮನೆ ಅಲ್ಲ ಕಣೆ, ಬಸ್ ಸ್ಟ್ಯಾಂಡು. ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಕೂತ್ಕಂಡು ಉಣ್ತಾರಾ?’

ಈ ಮಾತು ನನಗೆ ನಾಟಿತು. ನಾಟಿದ್ದೇಕೆಂದರೆ ಅದರಲ್ಲಿ ಸ್ವಲ್ಪ ನಿಜವಿತ್ತು. ಬಂದವರಿಗೆಲ್ಲ ಹಳ್ಳಿಯ ಊಟವೇ ಬೇಕು. ಹಳ್ಳಿಯಲ್ಲೇ ಹುಟ್ಟಿದ ನಾನು ಸಕಲೇಶಪುರದ ಅಂಗಡಿಗೆ ಹೋಗಿ ಹಳ್ಳಿಯ ಮನೆಯಂತೆ ಕಾಣುವ ಹಿತ್ತಾಳೆ ಲೋಟ ಕೊಂಡು ತಂದೆ. ನಾನೂ ಯಜಮಾನರೂ ಕುಡಿಯುವುದು ಸ್ಟೀಲ್ ಲೋಟದಲ್ಲಿ. ಸೌದೆ ಒಲೆಯ ಫೋಟೊ ತೆಗೆಯಬೇಕೆಂದು ಬಂದವರಿಗೆ ಆಸೆ. ಹಾಗಾಗಿ ಮುಂದಿನ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿಟ್ಟು, ಹಿಂದೆ ಗ್ಯಾಸಿನ ಮೇಲೆ ಸಾರು ಕುದಿಸುತ್ತಿದ್ದೆ. ಗಿರಿಜಕ್ಕ ಒಮ್ಮೆ ಅದನ್ನು ನೋಡಿ, ‘ಪಾತ್ರೆ ಇಡ್ದೆ ಬೆಂಕಿ ಹಾಕಿದ್ರೆ ಅದು ಒಲೆ ಏನೇ? ಧೂಪ ಅದು’ ಎಂದು ನಕ್ಕು ಹೋಗಿದ್ದರು.

ಇಂಥ ಗಿರಿಜಕ್ಕ ಕಂಪ್ಯೂಟರ್ ಆಟ ಆಡುತ್ತಾರೆಂದರೆ ನೀವು ನಂಬುವುದು ಕಷ್ಟ. ನಾನೂ ನಂಬಿರಲಿಲ್ಲ. ನನ್ನ ಮಗಳು ಹಾಸನದಲ್ಲಿ ಓದುವಾಗ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿಕೊಂಡಿದ್ದಳು. ಮದುವೆಯಾಗಿ ಮೂಡಿಗೆರೆಗೆ ಹೋಗುವಾಗ ಆ ಹಳೆಯ ಯಂತ್ರವನ್ನು ಬುಕಿಂಗ್ ನೋಡಿಕೊಳ್ಳಲು ನನಗೆ ಬಿಟ್ಟು ಹೋದಳು, ಆಟವನ್ನೂ ಕಲಿಸಿದಳು. ಗುಡಿಸಲಿನ ಕಾಲದಿಂದ ಹಿಡಿದು ವಿಮಾನದ ಕಾಲದ ತನಕ ಒಂದು ದೇಶವನ್ನು ಕಟ್ಟಿ ಬೆಳೆಸುವ ಆಟ ಅದು. ದಂಡೆತ್ತಿ ಹೋಗಿ ಗೆಲ್ಲಬಹುದು, ವಿಜ್ಞಾನದಿಂದ ಗೆಲ್ಲಬಹುದು. ಇನ್ನೊಂದು ದಾರಿ ಸಂಸ್ಕೃತಿಯದು. ಒಬ್ಬರನ್ನೂ ಕೊಲ್ಲದೆ, ಪರದೇಶದವರು ನಮ್ಮ ದೇಶ ನೋಡಲು ಬರುವಂತೆ ಮಾಡಿ ಗೆಲ್ಲುವುದು. ಮಳೆಗಾಲದಲ್ಲಿ ಗಿರಾಕಿಗಳಿಲ್ಲದೆ ಕೈ ಖಾಲಿಯಿದ್ದ ನನಗೆ ಇದು ನನಗಾಗಿಯೇ ಮಾಡಿದ ಆಟವೆನ್ನಿಸಿತು. ಪ್ರವಾಸಿಗಳನ್ನು ಕರೆಯುವುದೇ ಗೆಲುವಾದರೆ ನನ್ನನ್ನು ಸೋಲಿಸುವವರು ಯಾರು?

ಗಿರಿಜಕ್ಕನ ಜಗಲಿಯಲ್ಲಿ ಕೂತು ಆಡುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವರ ಮನೆಯ ಕಾಫಿ ಕುಡಿಯದಿದ್ದರೆ ನನಗೆ ತಲೆ ನೋಯುತ್ತದೆ. ಮೊದಮೊದಲು ಅವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಬದಿಗೆ ಕಣ್ಣು ಹಾಯಿಸುತ್ತಿದ್ದರು. ಆಮೇಲೆ ಬುದ್ಧಿ ಹೇಳತೊಡಗಿದರು. ‘ಅಲ್ಲಿ ಹೊಳೆ ಐತಲ್ಲ, ಅದನ್ನ ಬುಟ್ಟು ಗುಡ್ಡದ ಮೇಲೆ ಊರು ಕಟ್ತೀಯಲ್ಲ ಮಾರಾಯ್ತಿ’ ಎನ್ನುತ್ತಿದ್ದರು. ಕೊನೆಗೆ ಒಂದು ದಿನ ಮೊರವನ್ನು ಪಕ್ಕಕ್ಕಿಟ್ಟು, ‘ನಂಗೂ ಒಂದು ದೇಶ ಕೊಡು’ ಎಂದರು. ಒಂದೇ ಯಂತ್ರದಲ್ಲಿ ಇಬ್ಬರು ಸರದಿಯ ಮೇಲೆ ಆಡಬಹುದು. ನಾವಿಬ್ಬರೇ, ಎರಡೇ ದೇಶ. ರಾಜಧಾನಿಗೆ ಹೆಸರು ಕೇಳಿದರೆ ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

‘ಆನೇಮಹಲ್ ಅಂತ ಬರಿ. ನಮ್ಮಪ್ಪನ ಊರು ಒಂದ್ಸಲನಾದ್ರೂ ರಾಜಧಾನಿ ಆಗ್ಲಿ.’

ಆನೇಮಹಲ್ ಅವರ ತವರು, ಹೆದ್ದಾರಿಯ ಮೇಲಿನ ಊರು. ಘಟ್ಟ ಇಳಿಯುವ ಕಾರು, ಬಸ್ಸು, ಲಾರಿಗಳೆಲ್ಲ ಅದರ ಎದೆಯ ಮೇಲೇ ಹಾದುಹೋಗಬೇಕು. ಪ್ರವಾಸಿಗಳ ಬಗ್ಗೆ ಗಿರಿಜಕ್ಕನಿಗೆ ಇರುವ ಅಭಿಪ್ರಾಯವೆಲ್ಲ ಅಲ್ಲಿ ರಸ್ತೆಬದಿ ನಿಂತು ಬೆಳೆದದ್ದು ಎಂದು ನನ್ನ ಊಹೆ. ‘ಚಿಕ್ಕೋಳಿದ್ದಾಗಿಂದ ಕಾರಿನ ಕಿಟಕಿ ನೋಡಿದ್ದೀನಿ ಕಣೆ’ ಎಂದು ಒಮ್ಮೆ ಹೇಳಿದ್ದರು. ‘ಒಳಗಿರೋರು ನಮ್ಮನ್ನ ನೋಡ್ತಾರೆ, ನಾವು ಅವ್ರನ್ನ ನೋಡ್ತೀವಿ. ಯಾರಿಗೂ ಯಾರೂ ಗೊತ್ತಾಗಲ್ಲ.’

ನಮ್ಮ ಆಟಕ್ಕೆ ಪಣ ಬಿದ್ದದ್ದು ಸುಗ್ಗಿಯ ಮಾತಿನಿಂದ. ಸುಗ್ಗಿ ಕುಣಿಯುವವರು ನಮ್ಮೂರಿನಲ್ಲಿ ಮೊದಲು ಬರುವುದು ಗಿರಿಜಕ್ಕನ ಅಂಗಳಕ್ಕೆ. ಹೋಂ ಸ್ಟೇಗೆ ಬರುವವರು ಅದರ ಸುದ್ದಿ ಕೇಳಿ, ಆ ದಿನಗಳಿಗೆ ರೂಮು ಸಿಗುತ್ತದೆಯೇ ಎಂದು ವಿಚಾರಿಸತೊಡಗಿದ್ದರು. ನನ್ನ ತಲೆಯಲ್ಲಿ ಕುರ್ಚಿಗಳ ಸಾಲು ಆಗಲೇ ಸಿದ್ಧವಾಗಿತ್ತು. ಧೈರ್ಯ ಮಾಡಿ ಕೇಳಿದೆ.

‘ಅಕ್ಕ, ಸುಗ್ಗಿ ಸಂಜೆ ನಿಮ್ಮಂಗಳದಲ್ಲಿ ನಮ್ಮ ಗೆಸ್ಟುಗಳಿಗೆ ನಾಕು ಕುರ್ಚಿ ಹಾಕಿಸ್ಲಾ?’

‘ಉಣ್ಣೋಕೆ ಬರೋರಾದ್ರೆ ಚಾಪೆ ಹಾಸ್ತೀನಿ. ನೋಡೋಕೆ ಬರೋರಿಗೆ ಕುರ್ಚಿ ಹಾಕಲ್ಲ.’

‘ನೋಡಿದ್ರೆ ಏನು ಸವೆದು ಹೋಗ್ತೈತಾ?’

‘ಸವೆಯಲ್ಲ. ನೋಡೋರವ್ರೆ ಅಂತ ಕುಣಿಯೋ ಅಭ್ಯಾಸ ಆಗ್ಬುಟ್ರೆ, ನಾಳೆ ನೋಡೋರಿಲ್ಲ ಅಂತ ಕುಣಿಯೋದೇ ಬುಟ್ಬುಡ್ತಾರೆ.’

ನನಗೆ ಸಿಟ್ಟು ಬಂತು. ಆಗ ಪರದೆಯ ಮೇಲೆ ನನ್ನ ದೇಶ ಅವರದಕ್ಕಿಂತ ಬಹಳ ಮುಂದಿತ್ತು. ‘ಆಟದಲ್ಲೇ ತೀರ್ಮಾನ ಆಗ್ಲಿ ಅಕ್ಕ’ ಎಂದೆ. ನಾನು ಗೆದ್ದರೆ ಅಂಗಳದಲ್ಲಿ ಕುರ್ಚಿ. ಅವರು ಗೆದ್ದರೆ ಸುಗ್ಗಿಯ ದಿನಗಳಲ್ಲಿ ನನ್ನ ರೂಮುಗಳಿಗೆ ಬೀಗ. ಅವರು ಕಾಫಿ ಲೋಟ ಕೆಳಗಿಟ್ಟು, ‘ಆಗ್ಲಿ, ಮಾತು ಮಾತೇ’ ಎಂದರು. ಐವತ್ತು ದಾಟಿದ ಇಬ್ಬರು ಹೆಂಗಸರು ಊರ ಹಬ್ಬದ ಹಣೆಬರಹವನ್ನು ಲ್ಯಾಪ್‌ಟಾಪಿನ ಮುಂದೆ ಕೂತು ಬರೆಯಲು ಹೊರಟಿದ್ದು ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಆಟ ನಿಂತಿತು. ಕಣದಲ್ಲಿ ಹಣ್ಣು ಒಣಗುವಾಗ ದೇಶ ಆಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕೊಯ್ಲು ಮುಗಿದ ಮೇಲೆ ಮತ್ತೆ ಕೂತೆವು. ನಾನು ಸಮುದ್ರದ ದಂಡೆಯುದ್ದಕ್ಕೂ ವಿಹಾರಧಾಮ ಕಟ್ಟಿಸಿದೆ, ದೊಡ್ಡ ದೊಡ್ಡ ಅದ್ಭುತಗಳನ್ನು ನಿಲ್ಲಿಸಿದೆ, ಕಾಡಿಗೆ ಬೇಲಿ ಹಾಕಿ ಉದ್ಯಾನ ಮಾಡಿದೆ. ಗಿರಿಜಕ್ಕ ಊರೂರಿಗೆ ಒಂದು ರಂಗಮಂದಿರ ಕಟ್ಟಿಸಿಕೊಂಡು ಸುಮ್ಮನಿದ್ದರು. ಈ ಆಟದಲ್ಲಿ ಆಗಾಗ ಕವಿಗಳು, ಚಿತ್ರಕಾರರು, ಸಂಗೀತಗಾರರು ಹುಟ್ಟಿಕೊಳ್ಳುತ್ತಾರೆ. ಆಸರೆ ಇರುವ ದೇಶಕ್ಕೆ ಹೋಗಿ ಸೇರುತ್ತಾರೆ. ಎಲ್ಲರೂ ಗಿರಿಜಕ್ಕನ ದೇಶಕ್ಕೇ ಹೋಗುತ್ತಿದ್ದರು. ‘ಬರ್ಲಿ ಬಿಡು, ಒಂದು ಪಾವು ಅಕ್ಕಿ ಜಾಸ್ತಿ ಇಟ್ರಾಯ್ತು’ ಎನ್ನುವರು. ಗಡಿ ದಾಟಲು ನಾನು ಅಪ್ಪಣೆ ಕೇಳಿದಾಗಲೆಲ್ಲ ಕೊಟ್ಟರು. ಅವರ ಕೋಟೆ ಬಾಗಿಲು ಮುಚ್ಚಿದ್ದನ್ನು ನಾನು ನೋಡಲೇ ಇಲ್ಲ.

ಗೆಲುವಿನ ಲೆಕ್ಕವನ್ನು ಇಲ್ಲಿ ನಿಮಗೆ ಹೇಳಬೇಕು. ಪ್ರತಿ ದೇಶಕ್ಕೂ ಎರಡು ಲೆಕ್ಕವಿದೆ. ಒಂದು, ಹೊರಗಿನಿಂದ ನಮ್ಮನ್ನು ನೋಡಲು ಬರುವವರದು. ಇನ್ನೊಂದು, ನಮ್ಮಲ್ಲೇ ಉಳಿದು ನಮ್ಮದನ್ನೇ ನೋಡಿ ಸಂತೋಷಪಡುವ ನಮ್ಮ ಜನರದು. ನಮ್ಮಲ್ಲಿಗೆ ಬರುವವರು ಎದುರಾಳಿಯ ದೇಶದಲ್ಲಿ ಮನೆಯಲ್ಲೇ ಉಳಿದವರಿಗಿಂತ ಹೆಚ್ಚಾದರೆ ಗೆದ್ದ ಹಾಗೆ. ನಾನು ಮೊದಲಿನಿಂದ ಮೊದಲನೆಯ ಲೆಕ್ಕವನ್ನಷ್ಟೇ ನೋಡುತ್ತಿದ್ದೆ. ಅದು ದಿನೇ ದಿನೇ ಏರುತ್ತಿತ್ತು. ಆದರೆ ಎಷ್ಟು ಏರಿದರೂ ಗಿರಿಜಕ್ಕನ ದೇಶದಲ್ಲಿ ಮನೆಯಲ್ಲೇ ಉಳಿದವರನ್ನು ಮೀರುತ್ತಿರಲಿಲ್ಲ. ಅವರ ಜನಕ್ಕೆ ನನ್ನ ಸಮುದ್ರ ಬೇಕಾಗಿರಲಿಲ್ಲ. ಇನ್ನೊಂದು ವಿಹಾರಧಾಮ ಕಟ್ಟಿದರೆ ದಾಟಿಬಿಡುತ್ತೇನೆ ಎಂದುಕೊಂಡು ಇನ್ನೊಂದು ಕಟ್ಟಿದೆ, ಮತ್ತೊಂದು ಕಟ್ಟಿದೆ.

ಸುಗ್ಗಿ ಸಾರುವುದಕ್ಕೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ, ಗಿರಿಜಕ್ಕ ತಮ್ಮ ಸರದಿ ಮುಗಿಸಿ ಗುಂಡಿ ಒತ್ತಿದರು. ವಾದ್ಯ ಮೊಳಗಿತು. ಪರದೆಯ ತುಂಬ ಆನೇಮಹಲ್ ದೇಶದ ಗೆಲುವು. ನಾನು ನಂಬದೆ ಕನ್ನಡಕ ಒರೆಸಿಕೊಂಡು ಲೆಕ್ಕ ತೆಗೆದು ನೋಡಿದೆ. ಅವರಲ್ಲಿಗೆ ಬಂದವರು ಬಹಳ ಜನವೇನಲ್ಲ. ನನ್ನಲ್ಲಿಗೆ ಬರುತ್ತಿದ್ದವರ ಮುಂದೆ ಅದು ಏನೂ ಅಲ್ಲ. ಆದರೆ ನನ್ನ ದೇಶದಲ್ಲಿ ಮನೆಯಲ್ಲೇ ಉಳಿದವರು ಅದಕ್ಕಿಂತ ಕಡಿಮೆಯಿದ್ದರು. ಬಂದವರಿಗೆ ಕಟ್ಟಿಸುವ ಭರದಲ್ಲಿ ನನ್ನ ಜನಕ್ಕೆ ನಾನು ಒಂದು ರಂಗಮಂದಿರವನ್ನೂ ಕಟ್ಟಿಸಿರಲಿಲ್ಲ.

‘ನನ್ನ ಜನ ಎಲ್ಲಿಗೆ ಹೋದ್ರಕ್ಕ?’ ಎಂದೆ.

‘ಎಲ್ಲಿಗೆ ಹೋಗ್ತಾರೆ? ನಮ್ಮನೇಲವ್ರೆ.’

ಅವರು ಅದನ್ನು ತಮಾಷೆಗೆ ಹೇಳಿದರು. ನಾನು ತಲೆ ಎತ್ತಿ ನೋಡಿದೆ. ಒಳಗೆ ಭಾವನ ಪಕ್ಕದಲ್ಲಿ ಮಣೆ ಹಾಕಿಕೊಂಡು ನಮ್ಮ ಯಜಮಾನರು ರೊಟ್ಟಿ ಮುರಿಯುತ್ತಿದ್ದರು. ನಮ್ಮ ಮನೆಯ ಮೇಜಿನ ಮೇಲೆ ಆ ಹೊತ್ತು ಬೆಂಗಳೂರಿನ ಎರಡು ಸಂಸಾರಗಳ ತಟ್ಟೆಗಳಿದ್ದವು, ಯಜಮಾನರಿಗೆ ಜಾಗವಿರಲಿಲ್ಲ. ನಾನು ಗಿರಿಜಕ್ಕನ ಜಗಲಿಯಲ್ಲಿ, ಗಿರಿಜಕ್ಕನ ಕಾಫಿ ಹಿಡಿದುಕೊಂಡು ಕೂತಿದ್ದೆ. ಊರೂರಿನವರು ಹುಡುಕಿಕೊಂಡು ಬರುವ ಮನೆ ನನ್ನದು, ಅಲ್ಲಿ ಕೂತು ಉಣ್ಣಲು ನಾವಿಬ್ಬರು ಮಾತ್ರ ಇರಲಿಲ್ಲ. ನನಗೆ ಅಳು ಬಂತು. ಸೋತದ್ದಕ್ಕೆ ಅಳುತ್ತಿದ್ದೇನೆಂದು ಗಿರಿಜಕ್ಕ ತಿಳಿದುಕೊಂಡರೇನೋ, ‘ಏಯ್, ಆಟ ಕಣೆ ಅದು’ ಎಂದು ಬೆನ್ನು ಸವರಿದರು. ಪಣವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಆ ವರ್ಷ ಸುಗ್ಗಿಗೆ ರೂಮು ಕೇಳಿದ್ದವರಿಗೆಲ್ಲ ಫೋನ್ ಮಾಡಿ ಇಲ್ಲವೆಂದೆ. ಬರಿಗಾಲಿನಲ್ಲಿ ಓಡಾಡಿದೆ. ಒಗ್ಗರಣೆಯಿಲ್ಲದ ಸಾರು ಮೊದಲ ದಿನ ಸಪ್ಪೆಯೆನ್ನಿಸಿತು. ಮೂರನೆಯ ದಿನಕ್ಕೆ ಅದರಲ್ಲಿ ಹುರುಳಿಯ ರುಚಿ ಹುರುಳಿಯದಾಗಿಯೇ ನಾಲಿಗೆಗೆ ಸಿಕ್ಕಿತು. ಸಂಜೆ ಗಿರಿಜಕ್ಕನ ಅಂಗಳದಲ್ಲಿ ಚಾಪೆಯ ಮೇಲೆ ಕೂತೆ. ಕುಣಿಯುವವರು ಬಂದಾಗ ಕಂಡದ್ದು, ಅಲ್ಲಿ ನೋಡುವವರು ಎಂದು ಯಾರೂ ಇರಲಿಲ್ಲ. ಕುಣಿಯದವರು ನೀರು ತರುತ್ತಿದ್ದರು, ನೀರು ತರದವರು ಹೆಜ್ಜೆ ತಪ್ಪಿದವರನ್ನು ಬಯ್ಯುತ್ತಿದ್ದರು. ನನ್ನ ಕೈಗೂ ಯಾರೋ ಒಂದು ಬೆಲ್ಲದ ಪಾನಕದ ಕೊಳದಪ್ಪಲೆ ಕೊಟ್ಟು, ‘ಕೂತ್ಕಂಡಿದ್ದೀಯಲ್ಲ, ಹಂಚು’ ಎಂದರು. ನಾಲ್ಕು ಕುರ್ಚಿಗಳನ್ನು ಎಲ್ಲಿ ಹಾಕಿಸುತ್ತಿದ್ದೆನೋ ಆ ಜಾಗ ನನಗೆ ಹುಡುಕಿದರೂ ಸಿಗಲಿಲ್ಲ.

ಅಂದಿನಿಂದ ಪ್ರತಿ ಸುಗ್ಗಿಗೂ ರೂಮುಗಳಿಗೆ ಬೀಗ. ಪಣ ಕಟ್ಟಿ ಎಷ್ಟೋ ವರ್ಷವಾಯಿತು, ಬೀಗ ಹಾಕೆಂದು ಈಗ ಯಾರೂ ಹೇಳುವುದಿಲ್ಲ. ಹೋಂ ಸ್ಟೇ ಮುಚ್ಚಿದೆನೆಂದು ಮಾತ್ರ ತಿಳಿಯಬೇಡಿ. ಅದೇ ನಮ್ಮ ಜೀವನ, ಬಂದವರಲ್ಲಿ ಒಳ್ಳೆಯವರೇ ಹೆಚ್ಚು. ಧೂಪದ ಒಲೆಯ ಮೇಲೆ ಈಗ ಪಾತ್ರೆ ಇಡುತ್ತೇನೆ, ಅಷ್ಟೇ. ಹಿತ್ತಾಳೆ ಲೋಟ ಅಟ್ಟ ಸೇರಿದೆ. ಇಷ್ಟಾದರೂ ಗಿರಿಜಕ್ಕ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಸುಗ್ಗಿ ಮುಗಿದ ಮಾರನೆಯ ಬೆಳಗ್ಗೆಯೇ ನನ್ನ ಗಿರಾಕಿಗಳ ಕಾರು ಅಂಗಳದ ಬದಿಯಲ್ಲಿ ಬಂದು ನಿಂತಿರುತ್ತಿತ್ತು, ನನ್ನ ಮೊದಲ ಒಗ್ಗರಣೆ ಅವರಿಗೇ ಹೋಗುತ್ತಿತ್ತು. ಗಿರಿಜಕ್ಕ ತಮ್ಮ ಕಿಟಕಿಯಿಂದ ನೋಡಿ ಒಳಗೆ ಹೋಗುತ್ತಿದ್ದರು. ನಾನೂ ಕರೆದು ಕರೆದು ಸಾಕಾಗಿ, ಕರೆಯುವುದನ್ನು ಬಿಟ್ಟಿದ್ದೆ.

ಈ ಸಲ ಯಾಕೋ, ರೂಮು ಕೇಳಿದವರಿಗೆ ಇನ್ನೊಂದು ದಿನ ತಡೆದು ಬನ್ನಿ ಎಂದುಬಿಟ್ಟೆ. ಹಾಗಾಗಿ ಇವತ್ತು ಮನೆಯಲ್ಲಿ ನಾವಿಬ್ಬರೇ. ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆ.

ಹೀಗೆ ಹಳೆಯದನ್ನೆಲ್ಲ ನೆನೆಯುತ್ತ ಕಿಟಕಿಯಲ್ಲಿ ನಿಂತಿರುವಾಗಲೇ ಅಂಗಳದಾಚೆಯ ಬಾಗಿಲು ತೆರೆಯಿತು. ಗಿರಿಜಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹೆಪ್ಪಿನ ಬಟ್ಟಲು ಕೈಯಲ್ಲಿರಲಿಲ್ಲ. ಸೀದಾ ಅಡುಗೆಮನೆಗೆ ಬಂದು, ಸಾರಿನ ಮುಚ್ಚಳ ತೆಗೆದು ಮೂಗಿಗೆ ತಂದುಕೊಂಡರು, ಮುಚ್ಚಿದರು. ಆಮೇಲೆ ಹೊರಗೆ ಕಾರು ನಿಲ್ಲುವ ಖಾಲಿ ಜಾಗದ ಕಡೆ ನೋಡಿದರು.

‘ಯಾರಿಗೆ ಮಾಡಿದ್ದೆ ಇದು?’

‘ನಮಗೇ ಅಕ್ಕ.’

ಅವರು ಗೋಡೆಗೆ ಒರಗಿಸಿದ್ದ ಮಣೆಯನ್ನು ತಾವೇ ಎಳೆದುಕೊಂಡು ಕೂತರು.

‘ಹಂಗಾದ್ರೆ ಬಡ್ಸು.’

ನಾನು ಮೂರನೆಯ ತಟ್ಟೆ ತೊಳೆಯಲು ನಲ್ಲಿ ತಿರುಗಿಸಿದೆ. ನೀರಿನ ಸದ್ದಿನಲ್ಲಿ ನನ್ನ ಮೂಗು ಸೊರ್ರೆಂದದ್ದು ಅವರಿಗೆ ಕೇಳಿಸಲಿಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆ ಎಂದರು, ಎರಡನೆಯ ಸಲವೂ ಹಾಕಿಸಿಕೊಂಡರು.