ಚೆನ್ನಪ್ಪನ ಪದಕದಲ್ಲಿ ರೊಸಾರಿಯೊನ ಪಾಲು

ಕಾಪುವಿನ ಚೆನ್ನಪ್ಪ ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಊರಿಗೆ ಬಂದವನು. ಅವನ ಹತ್ತಿರ ಒಂದು ಪದಕ ಉಂಟು. ಮೂರೂ ಸೇನೆಯವರು ಒಟ್ಟಾಗಿ ಮಾಡುವ ಕೆಲಸದಲ್ಲಿ ಚೆನ್ನಾಗಿ ದುಡಿದವರಿಗೆ ಕೊಡುವಂಥದ್ದು. ಯಾರಾದರೂ ನೋಡಬೇಕು ಎಂದರೆ ಅವನಿಗೆ ಕಪಾಟಿನ ಬೀಗದ ಕೈ ಸಿಗುವುದಿಲ್ಲ. ಅದು ಅವನ ಕಿಸೆಯಲ್ಲೇ ಇರುತ್ತದೆ ಎಂದು ಹೆಂಡತಿ ಸುಂದರಿಗೆ ಗೊತ್ತು.

ಆದದ್ದು ಹೀಗೆ. ಅಂಡಮಾನಿನಲ್ಲಿ ಬಿರುಗಾಳಿ ಎದ್ದು ಒಂದು ಸಣ್ಣ ದ್ವೀಪದಲ್ಲಿ ಒಂಬತ್ತು ಜನ ಸಿಕ್ಕಿಬಿದ್ದಿದ್ದರು. ರಬ್ಬರ್ ದೋಣಿ ನಡೆಸಿದ್ದು ಚೆನ್ನಪ್ಪ. ಕಲ್ಲುಗಳಿದ್ದ ಕಡೆ ದೋಣಿ ದಡ ಮುಟ್ಟಲಿಲ್ಲ. ಆಗ ಜೊತೆಗಿದ್ದ ರೊಸಾರಿಯೊ, ಭೂಸೇನೆಯವನು, ಊರು ಕಾರ್ಕಳ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿದ. ದಡದ ಮರಕ್ಕೆ ಹಗ್ಗ ಬಿಗಿದ. ಒಂಬತ್ತು ಜನರೂ ಅದನ್ನು ಹಿಡಿದೇ ದೋಣಿಗೆ ಬಂದರು. ರೊಸಾರಿಯೊನ ಮೊಣಕಾಲು ಕಲ್ಲಿಗೆ ಬಡಿದು ಒಡೆದಿತ್ತು. ಅವನನ್ನು ನೇರ ಆಸ್ಪತ್ರೆಗೆ ಕೊಂಡುಹೋದರು.

ಮರುದಿನ ಅಧಿಕಾರಿ ಬಂದು, "ಹೋದದ್ದು ಯಾರು?" ಎಂದು ಕೇಳಿದರು.

"ನಾನು" ಎಂದ ಚೆನ್ನಪ್ಪ.

ಅದರಲ್ಲಿ ಮೋಸ ಇರಲಿಲ್ಲ. ಕಾಪುವಿನಲ್ಲಿ ದೋಣಿ ನಡೆಸುವ ತಂಡೇಲ ಹಾಗೆಯೇ ಹೇಳುವುದು. ಒಳಗೆ ಎಂಟು ಜನ ಇದ್ದರೂ "ನಾನು ಹೋದೆ" ಎಂದರೆ ಆಯಿತು, ಎಂಟೂ ಜನ ಅದರಲ್ಲಿ ಸೇರಿದರು ಎಂದು ದಡದವರಿಗೆ ಗೊತ್ತು. ಅಧಿಕಾರಿ ಕಾಪುವಿನವರಲ್ಲ. ಒಂದೇ ಹೆಸರು ಬರೆದರು.

ಮೋಸ ಆದದ್ದು ಆಮೇಲೆ. ಏಳು ತಿಂಗಳು ಕಳೆದು ಪರೇಡಿನಲ್ಲಿ ಪದಕ ಕೊಡುವಾಗ, "ಒಬ್ಬನೇ ಹೋಗಿ ಒಂಬತ್ತು ಜೀವ ಉಳಿಸಿದ" ಎಂದು ಓದಿದರು. ಒಬ್ಬನೇ ಎಂದದ್ದು ಚೆನ್ನಪ್ಪನಿಗೆ ಸರಿಯಾಗಿ ಕೇಳಿಸಿತು. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಎದೆ ಮುಂದೆ ಮಾಡಿ ನಿಂತ. ಊರಿನ ಪೇಪರಿನಲ್ಲೂ ಫೋಟೋ ಬಂತು.

ಹೋದ ತಿಂಗಳು ಉಡುಪಿಯ ಮಾಜಿ ಸೈನಿಕರು ಒಂದು ಆದಿತ್ಯವಾರಕ್ಕೆ ಅವನಿಗೆ ಸನ್ಮಾನ ಇಟ್ಟರು. ಆಮಂತ್ರಣದಲ್ಲೂ ಅದೇ "ಒಬ್ಬನೇ". ಎರಡು ದಿನ ಅವನಿಗೆ ಅನ್ನ ಇಳಿಯಲಿಲ್ಲ.

"ಇಷ್ಟು ವರ್ಷ ಆಯ್ತು. ಈಗ ಹೇಳಿ ಎಂತ ಸಿಗ್ಲಿಕ್ಕುಂಟು?" ಎಂದಳು ಸುಂದರಿ.

ಮೂರನೆಯ ದಿನ ಅವನು ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದ. ರೊಸಾರಿಯೊ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದ.

"ಏನು ಮಾರಾಯ, ಒಬ್ಬನೇ ಬಂದದ್ದಾ? ನಿನಗೆ ಅದೇ ಅಭ್ಯಾಸ ಅಲ್ವಾ!"

ಚೆನ್ನಪ್ಪ ಕೂರಲಿಲ್ಲ. ಚಹಾ ತಂದ ರೊಸಾರಿಯೊನ ಹೆಂಡತಿ ಲವಿಟಾಳಿಗೇ ಹೇಳಿದ: "ಬಾಯಮ್ಮ, ಅವತ್ತು ಹಗ್ಗ ಕೊಂಡುಹೋದದ್ದು ಇವನು. ನಾನು ಹೇಳದೆ ಉಳಿದೆ."

ಲವಿಟಾ ಲೋಟ ಕೆಳಗಿಟ್ಟಳು. "ಪೇಪರಿನಲ್ಲಿ ನಿಮ್ಮ ಹೆಸರು ಮಾತ್ರ ಇತ್ತು. ಇವರು ಹೇಳುವಾಗ ನಾವೆಲ್ಲ ನಗುತ್ತಿದ್ದೆವು. ಮಕ್ಕಳು, 'ಪಪ್ಪಾ, ಹಗ್ಗದ ರೈಲು ಬಿಡಿ ನೋಡುವ' ಎಂದು ಚುಡಾಯಿಸುವುದು. ಕೊನೆಗೆ ಹೇಳುವುದನ್ನೇ ಬಿಟ್ಟರು."

ರೊಸಾರಿಯೊ ಈಗ ನಗುತ್ತಿರಲಿಲ್ಲ. "ಇಲ್ಲಿ ಹೇಳಿದ್ದು ಆಯ್ತು. ಸನ್ಮಾನದ ಆಮಂತ್ರಣ ನಮಗೂ ಬಂದುಂಟು. ಆದಿತ್ಯವಾರ ಅಲ್ಲಿ ಹೇಳ್ತೀಯಾ?"

ಆದಿತ್ಯವಾರ ಶಾಲು ಹೊದಿಸಿದ ಮೇಲೆ ಚೆನ್ನಪ್ಪ ಮೈಕ್ ಹಿಡಿದು ಹೇಳಿದ. ದೋಣಿ ತನ್ನದು, ಹಗ್ಗ ರೊಸಾರಿಯೊನದ್ದು ಎಂದ. ಜನ ಎದ್ದು ಚಪ್ಪಾಳೆ ಹೊಡೆದರು. "ನೋಡಿ, ಎಂಥ ದೊಡ್ಡ ಮನಸ್ಸು! ತನ್ನ ಸಾಹಸವನ್ನೂ ಹಂಚಿಕೊಳ್ಳುತ್ತಾರೆ" ಎಂದು ಅಧ್ಯಕ್ಷರು ಅವನನ್ನು ತಬ್ಬಿಕೊಂಡರು.

ಚೆನ್ನಪ್ಪನ ಮುಖ ಸುಟ್ಟ ಹಾಗಾಯಿತು. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಮತ್ತೆ ಮೈಕ್ ತೆಗೆದುಕೊಂಡ.

"ದೊಡ್ಡ ಮನಸ್ಸಲ್ಲ ಸ್ವಾಮಿ. ಅವತ್ತು ಓದಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಪದಕ ಬೇಕಿತ್ತು. ಸುಮ್ಮನಿದ್ದೆ."

ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸುಂದರಿ ತಲೆ ತಗ್ಗಿಸಿದಳು. ಅವನು ಇಳಿದು ಬರುವಾಗ ಯಾರೂ ಕೈ ಕೊಡಲಿಲ್ಲ. ಖಾಲಿ ಇದ್ದದ್ದು ರೊಸಾರಿಯೊನ ಹಿಂದಿನ ಕುರ್ಚಿ, ಅಲ್ಲಿ ಕೂತ.

ಎದುರು ಲವಿಟಾ ಗಂಡನ ಕಡೆಗೆ ವಾಲಿ ಮೆಲ್ಲಗೆ ಕೇಳುತ್ತಿದ್ದಳು: "ನೀರು ಎಷ್ಟು ಆಳ ಇತ್ತು?"

"ಕುತ್ತಿಗೆಯವರೆಗೆ" ಎಂದು ರೊಸಾರಿಯೊ ಹೇಳತೊಡಗಿದ.