ತುಳಜಾಬಾಯಿ ತಂದ ನೀಲಿ ಹೂ

ತುಳಜಾಬಾಯಿ ಒಣಕಟ್ಟಿಗೆ ಊರಿದರೂ ಚಿಗುರುತ್ತದೆ ಎಂದು ಓಣಿಯವರು ಹೇಳುತ್ತಿದ್ದರು. ಅದು ಅರ್ಧ ಹೊಗಳಿಕೆ, ಅರ್ಧ ದೂರು. ಆಕೆಯ ಹೀರೆಬಳ್ಳಿ ಸುತ್ತಲಿನ ಮನೆಗಳ ತಗಡನ್ನೆಲ್ಲ ಏರಿ ಕುಳಿತಿತ್ತು.

ಶಹಾಬಾದ ಹತ್ತಿರದ ಆ ಊರಿನ ಅಂಚಿಗೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೇ ಖಣಿಯಲ್ಲಿ ಮಳೆನೀರು ನಿಂತು ತಾವರೆ ಬೆಳೆದಿತ್ತು. ಎಲೆಗಳ ಮೇಲೆ ನೀರುಕೋಳಿಗಳು ಓಡಾಡುತ್ತಿದ್ದವು. ಹುಣ್ಣಿಮೆಗೆ ಬುದ್ಧವಿಹಾರಕ್ಕೆ ತಾವರೆ ಒಯ್ಯುವುದು ತುಳಜಾಬಾಯಿಯ ಕೆಲಸ. ಚಳಿಗಾಲದಲ್ಲಿ ತಾವರೆ ಅರಳದು. ಬರಿಗೈಲಿ ಹೋಗಲು ಆಕೆಗೆ ನಾಚಿಕೆ. ಒಮ್ಮೆ ಸನ್ನತಿಯ ಬೌದ್ಧ ಸ್ತೂಪ ನೋಡಲು ಹೋದಾಗ ಭೀಮಾ ನದಿಯಲ್ಲಿ ನೀಲಿ ಹೂ ಹೊತ್ತು ತೇಲುವ ಅಂತರಗಂಗೆ ಕಂಡಿತು. ಒಂದು ಬುಡವನ್ನು ಕೊಡದಲ್ಲಿಟ್ಟು ತಂದು ಖಣಿಗೆ ಬಿಟ್ಟಳು.

"ಇದು ಬುದ್ಧನ ಹೂ. ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಓಣಿಗೆಲ್ಲ ಸಾರಿದಳು.

ಯಾರೂ ಹಚ್ಚಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಖಣಿ ತುಂಬ ಹಬ್ಬಿ ನೀರೇ ಕಾಣದಾಯಿತು. ಬಿಸಿಲಿಲ್ಲದೆ ತಾವರೆ ಕೊಳೆಯಿತು, ಮೀನು ಸತ್ತವು, ನೀರುಕೋಳಿಗಳು ಎತ್ತಲೋ ಹೋದವು. ತುಳಜಾಬಾಯಿಗೆ ಊಟ ಸೇರದಾಯಿತು. ಅಂತರಗಂಗೆ ಕೀಳಲು ಕರೆದರೆ, ಕಲ್ಲು ಒಡೆಯುವ ಭೀಮಶ್ಯಾ ನಕ್ಕ.

"ಬುದ್ಧನ ಹೂ ಕೀಳಂತೀರಲ್ಲ ವೈನಿ? ಆ ಪಾಪ ನನಗ್ಯಾಕ?"

ಮುಂದಿನ ಹುಣ್ಣಿಮೆಗೆ ವಿಹಾರದಲ್ಲಿ ವಂದನೆ ಮುಗಿದದ್ದೇ ಆಕೆ ಎದ್ದು ನಿಂತಳು. "ಕೇಳ್ರಿ. ಬುದ್ಧ ತಪಸ್ಸಿಗೆ ಕುಂತಾಗ ಮಾರ ತನ್ನ ಹೆಣ್ಮಕ್ಕಳನ್ನ ಕಳಿಸಿದ್ನಲ್ಲ, ಭಾಳ ಸಿಂಗಾರ ಮಾಡಿ? ಅವರೇ ಈಗ ನಮ್ಮ ಖಣಿಗೆ ಬಂದಾರ. ಬುದ್ಧ ಮರುಳಾಗ್ಲಿಲ್ಲ. ನಾ ಆದೆ."

"ಕೊಡದಾಗ ಕುಂದ್ರಿಸ್ಕೊಂಡು ಕರ್ಕೊಂಡು ಬಂದಾಕಿ ನೀನೇ" ಎಂದಳು ಹಿಂದಿನಿಂದ ನೆಗೆಣ್ಣಿ ರಮಾಬಾಯಿ.

"ಹೌದಕ್ಕಾ. ಈಗ ಹೊರಗ ಹಾಕೋಣ ಬಾ."

ವಿಹಾರವೆಲ್ಲ ನಕ್ಕಿತು. ಮರುದಿನ ಭೀಮಶ್ಯಾನೇ ಚಪ್ಪಡಿ ಎಳೆಯುವ ಹಗ್ಗ, ಕೊಕ್ಕೆ ತಂದ. ಓಣಿಯವರೆಲ್ಲ ಸೇರಿ ಎಳೆದೆಳೆದು, ತಿಪ್ಪೆಗೆ ಹಾಕಿ ಗೊಬ್ಬರ ಮಾಡಿದರು. ಆದರೆ ಒಂದು ಚೂರು ಉಳಿದರೂ ಮತ್ತೆ ಹಬ್ಬುವ ಜಾತಿ ಅದು. ತುಳಜಾಬಾಯಿ ದಿನಾ ಬೆಳಗ್ಗೆ ಸೆರಗು ಸಿಗಿಸಿಕೊಂಡು ಖಣಿ ಸುತ್ತತೊಡಗಿದಳು.

"ಮಾರನ ಮಕ್ಕಳು ಸಿಕ್ಕರೇನ್ರಿ ವೈನಿ?" ಎಂದು ಭೀಮಶ್ಯಾ ಕೇಳುವನು.

"ಇಬ್ಬರು ಸಿಕ್ಕರಪಾ. ಲಗ್ನ ಮಾಡ್ಕೋತಿಯೇನು?"

ವರ್ಷಗಳ ಮೇಲೆ ತಾವರೆಯ ಎಲೆ ಬಂದವು, ನೀರುಕೋಳಿಯೂ ಬಂತು. ಮೊಗ್ಗು ಮಾತ್ರ ಬರಲಿಲ್ಲ.

ಹೋದ ಶ್ರಾವಣದಲ್ಲಿ ತುಳಜಾಬಾಯಿ ಮಲಗಿದಲ್ಲೇ ತೀರಿಕೊಂಡಳು. ಹೂವಿಗೆಂದು ಖಣಿಗೆ ಹೋಗಿದ್ದ ಭೀಮಶ್ಯಾ ಬರಿಗೈಲಿ ಬಂದು ಆಕೆಯ ಮಗಳ ಮುಂದೆ ನಿಂತ.

"ಸಂಘಮಿತ್ರಾ, ಒಂದೇ ಒಂದು ಮೊಗ್ಗು ಬಂದದವಾ. ಕೀಳಲೇನು?"

ಅಳುತ್ತಿದ್ದವಳು ಮುಖ ಎತ್ತಿದಳು. "ಬ್ಯಾಡ್ರಿ ಕಾಕಾ. ಅವ್ವ ಎದ್ದು ಬೈತಾಳ."

ಆ ಮಧ್ಯಾಹ್ನ ತುಳಜಾಬಾಯಿ ಬಜಾರಿನ ಚೆಂಡುಹೂವಿನ ಮಾಲೆ ಹಾಕಿಕೊಂಡೇ ಮನೆಯಿಂದ ಹೊರಟಳು.