ಪುಡಿ ಹಾಕುವ ಹಿಂದಿನ ಸಂಜೆ

ಪತ್ರಿಕೆಯ ಕಚೇರಿಯಲ್ಲಿ ನಾನು ಮೊದಲು ಕಲಿತದ್ದು, ನಡೆದದ್ದು ಸುದ್ದಿ, ನಡೆಯದೆ ಉಳಿದದ್ದು ಸುದ್ದಿಯಲ್ಲ ಎಂಬುದು. ಕಾಲರಾದಿಂದ ಜನ ಸತ್ತರೆ ಮೊದಲ ಪುಟ. ಯಾರೂ ಸಾಯದೆ ಬೇಸಿಗೆ ಕಳೆದರೆ ಒಂದು ಸಾಲೂ ಇಲ್ಲ. ನನ್ನ ಹೆಂಡತಿಯ ಉದ್ಯೋಗ ಇದಕ್ಕೆ ನೇರ ವಿರುದ್ಧ. ಅವಳು ಆರೋಗ್ಯ ಖಾತೆಯ ಪರವಾಗಿ ಮನೆಮನೆ ತಿರುಗುವ ನರ್ಸ್. ಬಿಸಿಲಲ್ಲಿ ದಿನವಿಡೀ ಸುತ್ತಿ, ಏನೂ ನಡೆಯದಂತೆ ನೋಡಿಕೊಳ್ಳುವುದು ಅವಳ ಕೆಲಸ. ಸಂಜೆ ಮನೆಗೆ ಬಂದು ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಆ ದಿನ ಎಷ್ಟು ಜನ ಅವಳ ಮಾತು ಕೇಳಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಐವತ್ತರ ದಶಕದ ಆ ವರ್ಷಗಳಲ್ಲಿ ನಾವಿದ್ದದ್ದು ನಾಗಪುರದ ಇತವಾರಿಯಲ್ಲಿ, ಧಾನ್ಯದ ಪೇಟೆಯ ಹಿಂದಿನ ಒಂದು ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಬಾಡಿಗೆ ಮನೆಗಳು. ಹೊರಗೆ ಕೈಗಾಡಿಗಳ ಗದ್ದಲ, ಹಮಾಲರ ಕೂಗು, ಎಲ್ಲದರ ಮೇಲೂ ತೊಗರಿಯ ಧೂಳು. ಅಂಗಳದಲ್ಲಿ ಒಂದು ಬಾವಿ, ಒಂದು ನಲ್ಲಿ. ನಲ್ಲಿಗೆ ಬರುವ ನೀರು ಸೋಸಿ ಔಷಧ ಬೆರೆಸಿದ ನೀರು. ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಬುಡದಲ್ಲಿ ಒಡೆದ ಮೋರಿ. ವಾಡೆಯ ಜನ ನಲ್ಲಿಯ ನೀರಿನಲ್ಲಿ ಕಾಲು ತೊಳೆದು ಬಾವಿಯ ನೀರು ಕುಡಿಯುತ್ತಿದ್ದರು.

ಇದಕ್ಕೊಂದು ಕಾರಣವಿತ್ತು. ಅದನ್ನು ನಮಗೆ ತಿಳಿಸಿದವರು ಎದುರು ಮನೆಯ ಕಾಕು. ಧಾರವಾಡದ ಕಡೆಯ ವಿಧವೆ. ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಮಗನ ಜೊತೆ ಇದ್ದರು. ಮಡಿಯಲ್ಲಿ ಬಲು ಕಟ್ಟುನಿಟ್ಟು. ಮರಾಠಿಯವರೂ ಕನ್ನಡದವರೂ ಸೇರಿ ಇಡೀ ವಾಡೆ ಅವರ ಮಾತಿಗೆ ತಲೆಯಾಡಿಸುತ್ತಿತ್ತು.

“ನಳದ ಒಳಗ ಚರ್ಮದ ಬಿಲ್ಲಿ ಇರ್ತದ ನರ್ಸಬಾಯಿ. ಆ ನೀರು ದೇವರ ಮುಂದ ಹೆಂಗ ಇಡಲಿ? ದೇವರಿಗೆ ನಡೀಲಾರದ್ದು ನನಗ ಹೆಂಗ ನಡೀತದ?”

“ದೇವರಿಗೆ ಟೈಫಾಯಿಡ್ ಬರಂಗಿಲ್ಲ ಕಾಕು,” ಅಂದಳು ನನ್ನ ಹೆಂಡತಿ.

“ನೋಡಿದ್ಯಾ? ಅದಕ್ಕ ಅವ ಕುಡಿಯೋ ನೀರ ನಾನೂ ಕುಡೀತೀನಿ.”

ಅವಳು ಸೋತು ಒಳಗೆ ಬಂದಳು. ನಾನು ನಕ್ಕೆ. ಆ ನಗುವಿಗೆ ರಾತ್ರಿಯ ಊಟದಲ್ಲಿ ಉಪ್ಪು ಕಡಿಮೆಯಾಯಿತು.

ತನ್ನ ಕೆಲಸವನ್ನು ಅವಳು ನನಗೆ ಒಮ್ಮೆ ಹೀಗೆ ವಿವರಿಸಿದ್ದಳು. “ಬ್ಯಾನಿ ಬರೋದಕ್ಕಿಂತ ಮೊದಲ ಬಾಗಲಾ ಹಾಕೋದು ಒಂದು. ಬಾಗಲಾ ದಾಟಿ ಬಂದಿದ್ದನ್ನ ಹೊಸ್ತಿಲದಾಗ ಹಿಡಿಯೋದು ಎರಡು. ಒಳಗ ಬಂದು ಕುಂತಮ್ಯಾಲ ಮನಿ ಮುರೀದಂಗ ನೋಡಿಕೊಳ್ಳೋದು ಮೂರು. ಮೂರನೇದ್ರಾಗ ನನ್ನ ನೋಡಿದ್ರ ಜನ ಕೈ ಮುಗೀತಾರ. ಎರಡನೇದ್ರಾಗ ಬೈತಾರ. ಒಂದನೇದ್ರಾಗ ಬಾಗಲಾ ತೆಗಿಯಂಗೇ ಇಲ್ಲ.” ತರಬೇತಿಯಲ್ಲಿ ಇದಕ್ಕೆ ದೊಡ್ಡ ಹೆಸರುಗಳಿದ್ದವು. ಬಾಗಿಲು, ಹೊಸ್ತಿಲು, ಒಳಮನೆ ಅಂದರೆ ಸಾಕು ಅನ್ನುತ್ತಿದ್ದಳು.

ಬಾವಿಯ ಬಾಗಿಲು ಹಾಕಲು ಇದ್ದ ಸಾಧನ ಬ್ಲೀಚಿಂಗ್ ಪುಡಿ. ಬೇಸಿಗೆಯಲ್ಲಿ ಆಗಾಗ ಖಾತೆಯ ಆಳೊಬ್ಬ ಬಂದು ಬಾವಿಗೆ ಪುಡಿ ಕಲಸಿದ ನೀರು ಸುರಿದು ಹೋಗುತ್ತಿದ್ದ. ಆದರೆ ಹಿಂದಿನ ದಿನವೇ ತಿಳಿಸಬೇಕೆಂದು ನಿಯಮ. ಎಲ್ಲೋ ಒಂದು ಕಡೆ ಹೇಳದೆ ಹಾಕಿದಾಗ, ಬಾವಿಗೆ ವಿಷ ಬೆರೆಸಿದರು ಎಂದು ಜನ ಆಳನ್ನು ಹೊಡೆದಿದ್ದರಂತೆ. ಹಾಗಾಗಿ ಹಿಂದಿನ ಸಂಜೆ ಡಂಗುರ ಸಾರುವ ದವಂಡಿಯವನು ಡೋಲು ಬಾರಿಸುತ್ತ ಬರುತ್ತಿದ್ದ. “ಐಕಾ ಹೋ ಐಕಾ! ಉದ್ಯಾ ವಿಹಿರೀತ್ ಔಷಧ ಟಾಕಣಾರ್!” ನಾಳೆ ಬಾವಿಗೆ ಔಷಧ ಹಾಕುತ್ತಾರೆ, ಕೇಳಿ.

ಜನ ಕೇಳಿದರು. ಎಷ್ಟು ಚೆನ್ನಾಗಿ ಕೇಳಿದರು ಎಂಬುದು ನನ್ನ ಹೆಂಡತಿಗೆ ಗೊತ್ತಾದದ್ದು ಒಂದು ಸಂಜೆ ಬೇಗ ಮನೆಗೆ ಬಂದಾಗ. ಬಾವಿಯ ಸುತ್ತ ಜಾತ್ರೆ. ರಾಟೆಗೆ ಬಿಡುವಿಲ್ಲ. ಕೊಡ, ಹಂಡೆ, ಬೋಗುಣಿ, ಮಕ್ಕಳ ಸ್ನಾನದ ತಪ್ಪಲೆ, ಎಲ್ಲ ತುಂಬಿ ಎಲ್ಲರ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದವು. ಕಾಕು ತಮ್ಮ ತಾಮ್ರದ ಕೊಡಗಳಿಗೆ ಒದ್ದೆ ಅರಿವೆ ಹೊದಿಸುತ್ತಿದ್ದರು.

“ಇದೇನ್ ಕಾಕು, ಮದುವಿ ಐತೇನು?”

“ನಾಳೆ ನಿಮ್ಮವರು ವಾಸನೀ ಪುಡಿ ಹಾಕ್ತಾರಲ್ಲ. ಆ ವಾಸನಿ ಹೋಗೋತನಕಾ ನಮಗ ನೀರು ಬ್ಯಾಡೇನು? ನೀನೂ ನಾಕು ಕೊಡ ತುಂಬಿಟ್ಕೋ. ಪಾಪ, ದಿನಾ ದಣಿದು ಬರ್ತೀ.”

ಅಂದರೆ, ಪುಡಿ ಕೆಲಸ ಮಾಡುತ್ತಿದ್ದಷ್ಟು ಕಾಲವೂ ಇಡೀ ವಾಡೆ ಪುಡಿಯಿಲ್ಲದ ನೀರು ಕುಡಿಯುತ್ತಿತ್ತು. ಪುಡಿಯ ವಾಸನೆ ಹೋಗಿ, ಅದರ ಶಕ್ತಿಯೂ ಹೋದ ಮೇಲೆ, ಮತ್ತೆ ಬಾವಿಗೆ ಮರಳುತ್ತಿತ್ತು. ಹೀಗೆ ಎಷ್ಟು ಬೇಸಿಗೆ ನಡೆದಿತ್ತೋ. ಖಾತೆಯ ಲೆಕ್ಕದಲ್ಲಿ ಮಾತ್ರ ನಮ್ಮ ಬಾವಿ ಶುದ್ಧವಾದ ಬಾವಿ. ಅವಳು ಮೇಲಧಿಕಾರಿಗೆ ಹೇಳಿದಳು. ಅವರು ಸಭ್ಯರು, ಪೂರ್ತಿ ಕೇಳಿಸಿಕೊಂಡು, “ದವಂಡಿ ನಿಲ್ಲಿಸೋಕೆ ಆಗಲ್ಲ ಬಾಯಿ, ನಿಯಮ ಇದೆ” ಎಂದರು. ನೀರಿನಿಂದ ರೋಗ ಹೇಗೆ ಹರಡುತ್ತದೆ, ಕುದಿಸಿದರೆ ರೋಗಾಣು ಹೇಗೆ ಸಾಯುತ್ತದೆ ಎಂದು ತಿಳಿಸುವ ಖಾತೆಯ ಚಿತ್ರಗಳನ್ನು ತಂದು ಅಂಗಳದಲ್ಲಿ ಹೆಂಗಸರಿಗೆ ತೋರಿಸಿದಳು. ಎಲ್ಲರೂ ನೋಡಿದರು. ನೊಣದ ಚಿತ್ರ ದೊಡ್ಡದಾಗಿ ಬಂದಿದೆ ಎಂದು ಹೊಗಳಿದರು.

ಆ ವರ್ಷ ಬಿಸಿಲೇರುವ ಹೊತ್ತಿಗೆ ಕಾಕುವಿನ ಮಗಳು ಚೊಚ್ಚಲ ಹೆರಿಗೆಗೆಂದು ಹುಬ್ಬಳ್ಳಿಯಿಂದ ತವರಿಗೆ ಬಂದಳು. ಆರು ತಿಂಗಳು ತುಂಬಿತ್ತು. ಎಲ್ಲದಕ್ಕೂ ನಗುವ ಹುಡುಗಿ. ನನ್ನ ಹೆಂಡತಿಯನ್ನು ‘ವೈನಿ’, ಅಂದರೆ ಅತ್ತಿಗೆ, ಎಂದು ಕರೆದು, ತಾಯಿ ಇಲ್ಲದಾಗ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದಳು. ಅದೇ ವಾರದಲ್ಲಿ ಮೂಲೆಮನೆಯ ಮುದುಕರಿಗೆ ಟೈಫಾಯಿಡ್ ಎಂದು ತಿಳಿಯಿತು. ಹೆಂಡತಿಗೆ ನಿದ್ದೆ ಹಾರಿತು. ವಾಡೆಯ ಉಳಿದವರಿಗೆ ರೋಗ ತಡೆಯುವ ಸೂಜಿ ಹಾಕಿಸಲು ಓಡಾಡಿದಳು. ಬಸುರಿಗೆ ಆ ಸೂಜಿ ಚುಚ್ಚಲು ವೈದ್ಯರು ಒಪ್ಪಲಿಲ್ಲ. ಉಳಿದದ್ದು ನೀರು ಒಂದೇ.

“ಆಕಿಗೆ ಅಷ್ಟರ ನೀರು ಕುದಿಸಿ ಕೊಡ್ರಿ ಕಾಕು. ನಾ ನಿಮ್ಮ ಕೊಡಾ ಮುಟ್ಟಂಗಿಲ್ಲ, ಮಡೀ ಕೆಡಸಂಗಿಲ್ಲ.”

“ಕಾಸಿದ ನೀರು ಬಾಣಂತಿಗೆ ಕೊಡೋದು. ಬಸರಿಗೆ, ಅದೂ ಈ ನಾಗಪುರದ ಬಿಸಲಾಗ, ಯಾರರೆ ಬಿಸಿನೀರು ಕೊಡ್ತಾರೇನ? ಉಷ್ಣ ಆಗಿ ಕೂಸಿಗೆ ತ್ರಾಸ ಆಗ್ತದ.”

“ಕುದಿಸಿ ಆರಿಸಿ ಕೊಡ್ರಿ.”

“ಆರಿಸೋದಿದ್ರ ಕಾಸೋದ್ಯಾಕ?”

ಇದಕ್ಕೆ ಉತ್ತರ ಇಲ್ಲದೆ ಇಲ್ಲ. ಆದರೆ ಆ ಉತ್ತರವನ್ನು ಚಿತ್ರ ಸಮೇತ ಆಗಲೇ ಕೊಟ್ಟಾಗಿತ್ತು.

ಹುಡುಗಿಗೆ ಜ್ವರ ಬಂತು. ಲೂ ಬಡಿದಿದೆ ಎಂದರು ಕಾಕು. ನಾಗಪುರದ ಆ ಬಿಸಿಗಾಳಿಗೆ ಯಾವ ಜ್ವರವನ್ನಾದರೂ ಹೊರಿಸಬಹುದಿತ್ತು. ಅಂಗಾಲಿಗೆ ಈರುಳ್ಳಿ ತಿಕ್ಕಿದರು. ಮಾವಿನಕಾಯಿ ಬೇಯಿಸಿ, ಬೆಲ್ಲ ಹಾಕಿ, ಪನ್ಹಾ ಮಾಡಿ ಹೊತ್ತುಹೊತ್ತಿಗೆ ಕುಡಿಸಿದರು. ಪನ್ಹಾ ಕದಡಿದ್ದು ಕೊಡದಲ್ಲಿ ಕೂಡಿಟ್ಟ ಬಾವಿಯ ನೀರಿನಲ್ಲಿ. ಹೆಂಡತಿ ದಿನಾ ಹೋಗಿ ಹಣೆ ಮುಟ್ಟಿ, ನಾಡಿ ಹಿಡಿದು ಬರುತ್ತಿದ್ದಳು. ಜ್ವರ ಇಳಿಯದೆ ದಿನದಿಂದ ದಿನಕ್ಕೆ ಒಂದೊಂದು ಮೆಟ್ಟಿಲು ಏರುತ್ತಿತ್ತು. ನಾಡಿ ಮಾತ್ರ ಜ್ವರದಷ್ಟು ಓಡುತ್ತಿರಲಿಲ್ಲ. ನಾಲಿಗೆ ಬೆಳ್ಳಗಾಗಿತ್ತು. ಲೂ ಅಲ್ಲ, ರಕ್ತ ಪರೀಕ್ಷೆ ಆಗಬೇಕು ಎಂದಳು. ಕಾಕುವಿನ ಮಗ, “ರವಿವಾರ ನೋಡೂಣು ವೈನಿ, ನನಗ ರಜಾ ಅದ” ಎಂದ. ಕಾಕು, “ಬಸರಿ ಮೈಯಾಗಿಂದ ರಕ್ತ ತಗೀತಾರಂತ” ಎಂದು ದೇವರ ಕಡೆ ನೋಡಿದರು.

ಅವಳು ಮನೆಗೆ ಬಂದು ನನ್ನ ಮುಂದೆ ನಿಂತಳು. ಅಷ್ಟು ಸಿಟ್ಟು ನಾನು ಅವಳಲ್ಲಿ ಹಿಂದೆ ಕಂಡಿರಲಿಲ್ಲ.

“ಹೋಗಿ ನೀವ ಹೇಳ್ರಿ.”

“ನನಗೇನು ಗೊತ್ತೈತಿ?”

“ಏನೂ ಗೊತ್ತಿಲ್ಲ. ಆದ್ರ ಚಸ್ಮಾ ಹಾಕ್ಕೊಂಡು ಪೇಪರಿನಾವ ಹೇಳಿದ ಅಂದ್ರ ಕೇಳ್ತಾರ. ನಾ ಹೇಳಿಕೊಟ್ಟಷ್ಟ ಹೇಳ್ರಿ. ಒಂದ ಮಾತು ಜಾಸ್ತಿ ಹೇಳಬ್ಯಾಡ್ರಿ.”

ನಾಲ್ಕು ವಾಕ್ಯ ಹೇಳಿಕೊಟ್ಟಳು. ಇದು ಲೂ ಅಲ್ಲದಿರಬಹುದು. ಟೈಫಾಯಿಡ್ ಆಗಿದ್ದರೆ ಕರುಳಿಗೆ ಅಪಾಯ, ಗರ್ಭ ಉಳಿಯುವುದು ಕಷ್ಟ. ಈಗ ಹೊಸ ಔಷಧ ಬಂದಿದೆ, ಬೇಗ ಶುರುಮಾಡಿದರೆ ಇಬ್ಬರೂ ಉಳಿಯುತ್ತಾರೆ. ಅದಕ್ಕೆ ಮೊದಲು ರಕ್ತ ನೋಡಬೇಕು. ನಾನು ಅಂಗಳ ದಾಟಿ ಹೋಗಿ ಅದೇ ನಾಲ್ಕು ವಾಕ್ಯಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಿದೆ. ಕಾಕು ಸೆರಗು ಸರಿಮಾಡಿಕೊಂಡು ಕೇಳಿದರು. ಮಗ ಎದ್ದು ನಿಂತ.

“ಹಿಂಗ ಅಂತ ಮೊದಲ ಯಾರರೆ ತಿಳಿಸಿ ಹೇಳಿದ್ರ ಎಂದೋ ಮಾಡಸ್ತಿದ್ವಿ ನೋಡ್ರಿ ಸಾಹೇಬ್ರ,” ಎಂದ ಆತ.

ನನ್ನ ಹಿಂದೆ, ಅಂಗಳದ ಆಚೆ, ನಮ್ಮ ಮನೆಯಲ್ಲಿ ಪಾತ್ರೆಯೊಂದು ನೆಲಕ್ಕೆ ಅಪ್ಪಳಿಸಿದ ಸದ್ದು ಕೇಳಿತು.

ರಕ್ತದಲ್ಲಿ ಟೈಫಾಯಿಡ್ ಎಂದೇ ಬಂತು. ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದರು. ಹೊಸ ಗುಳಿಗೆಗಳು ಕೆಲಸ ಮಾಡಿದವು. ಆದರೂ ಕೆಲವು ದಿನ ಇಬ್ಬರೂ ಉಳಿಯುತ್ತಾರೆಂಬ ಭರವಸೆ ಇರಲಿಲ್ಲ. ಕಾಕು ಆಸ್ಪತ್ರೆಯ ವರಾಂಡದಲ್ಲಿ ಕೂತು ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಲಿಲ್ಲ. ಅಲ್ಲಿದ್ದದ್ದು ನಲ್ಲಿಯ ನೀರು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಕೊಟ್ಟಳು. ಅವಳು ಸುಲಿದದ್ದನ್ನು ಕಾಕು ಕೈಚಾಚಿ ತೆಗೆದುಕೊಂಡು ತಿಂದರು. ಅದು ಅವರ ಮಡಿಯಲ್ಲಿ ಎಲ್ಲಿ ಬರುತ್ತದೆಂದು ನಾನು ಕೇಳಲಿಲ್ಲ.

ಜ್ವರ ಇಳಿಯಿತು. ಹೆರಿಗೆ ತಿಂಗಳು ತುಂಬುವ ಮೊದಲೇ ಆಯಿತು. ಹೆಣ್ಣುಕೂಸು, ಅಂಗೈ ಅಗಲ. ಅತ್ತಿತು. ಬದುಕಿತು. ಕಾಕು ಪನ್ಹಾದ ತಂಪು ಕಾಪಾಡಿತೆಂದು ಎಲ್ಲರಿಗೂ ಹೇಳಿದರು.

ಮನೆಗೆ ಕರೆತಂದ ಮೇಲೆ ಶುರುವಾದದ್ದು ನನ್ನ ಹೆಂಡತಿಯ ಮೂರನೆಯ ಕೆಲಸ, ಒಳಮನೆಯದು. ಹುಡುಗಿಯ ಕೂದಲು ಉದುರಿತ್ತು, ಎದ್ದು ನಿಂತರೆ ಕಾಲು ನಡುಗುತ್ತಿದ್ದವು. ಅವಳಿಗೆ ಏನು ತಿನ್ನಿಸಬೇಕು, ಹೇಗೆ ಮೆಲ್ಲಗೆ ನಡೆಸಬೇಕು, ಕೂಸನ್ನು ಹೇಗೆ ಬೆಚ್ಚಗಿಡಬೇಕು, ರೋಗಾಣು ಹೊಟ್ಟೆಯಲ್ಲಿ ಉಳಿದಿಲ್ಲ ಎಂದು ಪರೀಕ್ಷೆ ಹೇಳುವ ತನಕ ಅವಳು ಅಡುಗೆ ಮುಟ್ಟದಂತೆ ಹೇಗೆ ನೋಡಿಕೊಳ್ಳಬೇಕು ಎಂದೆಲ್ಲ ಹೇಳಿಕೊಟ್ಟಳು. ಕಾಕು ಎಲ್ಲಕ್ಕೂ ಹೂಂ ಎಂದರು. ಕೈ ಮುಗಿದರು. ಕುದಿಸಿದ ನೀರನ್ನು ಕೇಳುವ ಮೊದಲೇ ತಂದಿಟ್ಟರು. ಹೆಂಡತಿಯ ಮುಖ ಅರಳಿತು.

“ಕಡೀಕೂ ಕುದಿಸಿದ್ರಲ್ಲ ಕಾಕು!”

“ಕುದಸಲಿಕ್ಕೇ ಬೇಕಲ್ಲವಾ, ಈಗ ಆಕಿ ಬಾಣಂತಿ.”

“ಮತ್ತ ನೀವು? ನಿಮ್ಮ ಮಗಾ?”

“ನಾವೇನು ಹಡದೇವೇನ?” ಕಾಕು ನಕ್ಕುಬಿಟ್ಟರು. ಹಾಸಿಗೆಯಲ್ಲಿದ್ದ ಮಗಳೂ ನಕ್ಕಳು. ನನ್ನ ಹೆಂಡತಿಗೆ ನಗು ಬರಲಿಲ್ಲ. ಕಾಕು ಕೂಸನ್ನು ಎತ್ತಿಕೊಳ್ಳುವ ಕೈ ತೊಳೆಯುತ್ತಿದ್ದದ್ದು ಬಾವಿಯ ನೀರಿನಲ್ಲೇ. ಬಾಣಂತನ ಮುಗಿದ ಮರುದಿನ ಕೂಸಿನ ತಾಯಿಯೂ ಕೊಡದಲ್ಲಿನ ನೀರಿಗೇ ಮರಳುವವಳಿದ್ದಳು.

ಆಮೇಲೆ ನನ್ನ ಹೆಂಡತಿ ವಾದ ಮಾಡುವುದನ್ನು ಬಿಟ್ಟಳು. ಮೇಲಧಿಕಾರಿಯ ಬಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು. ದವಂಡಿ ಹೊಡೆಯಬೇಕೆಂಬುದು ನಿಯಮ ಸರಿ, ಹಿಂದಿನ ಸಂಜೆಯೇ ಹೊಡೆಯಬೇಕೆಂದು ಎಲ್ಲಿ ಬರೆದಿದೆ? ಅವರು ಹುಡುಕಿಸಿದರು. ಎಲ್ಲೂ ಬರೆದಿರಲಿಲ್ಲ. ಅದು ರೂಢಿ.

ಮುಂದಿನ ಸಲ ಬೆಳಿಗ್ಗೆ ದವಂಡಿಯವನು ವಾಡೆಯ ಬಾಗಿಲಲ್ಲಿ ಡೋಲು ಬಾರಿಸಿದ. ಅವನ ಬೆನ್ನ ಹಿಂದೆಯೇ ಪುಡಿಯ ಬಕೆಟ್ ಹಿಡಿದ ಆಳು ನಿಂತಿದ್ದ. “ಐಕಾ ಹೋ” ಮುಗಿಯುವಷ್ಟರಲ್ಲಿ ಬಕೆಟ್ ಖಾಲಿಯಾಗಿತ್ತು. ಹೆಂಗಸರು ಬರಿಯ ಕೊಡ ಹಿಡಿದು ಬಾವಿಯ ಸುತ್ತ ನಿಂತುಬಿಟ್ಟರು. ನನ್ನ ಹೆಂಡತಿ ಆಗಲೇ ಕೆಲಸಕ್ಕೆ ಹೊರಟಿದ್ದಳು. ಬೇಕೆಂದೇ ಬೇಗ ಹೊರಟಿದ್ದಳು ಎಂದು ನನ್ನ ಅನುಮಾನ.

ಸಂಜೆ ಕಾಕು ನಮ್ಮ ಹೊಸ್ತಿಲ ಹೊರಗೆ ಬಂದು ನಿಂತರು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಕಾಕು ಅವಳ ಕಡೆ ನೋಡಲೂ ಇಲ್ಲ.

“ನಿಮ್ಮ ಪೇಪರಿಗೆ ಬರ್ಕೋರಿ ಸಾಹೇಬ್ರ. ಹೇಳದ ಕೇಳದ ಬಾವಿಗೆ ಪುಡಿ ಹಾಕ್ಯಾರ. ಒಂದ ಕೊಡಾ ನೀರು ತುಂಬಲಿಕ್ಕೆ ಬಿಟ್ಟಿಲ್ಲ. ಮುಂಜಾನಿಂದ ಆ ವಾಸನೀ ನೀರ ಕುಡ್ಯಾಕತ್ತೀವಿ. ಮನ್ಯಾಗ ಬಾಣಂತಿ ಇದ್ದಾಳ, ಹಸಗೂಸು ಅದ. ಏನರೆ ಆಗಿದ್ರ ಯಾರು ಹೊಣಿ?”

“ಏನರೆ ಆತೇನ್ರಿ ಕಾಕು?”

“ಏನೂ ಆಗಿಲ್ಲ. ಆಗಿದ್ರ ಅಂತ ನಾ ಕೇಳೋದು.”

ಇದು ನಡೆದ ಸಂಗತಿ, ದೂರು ಕೊಟ್ಟವರಿದ್ದಾರೆ, ಊರಿನ ಇನ್ನೂ ಕೆಲವು ವಾಡೆಗಳಿಂದ ಅದೇ ದೂರು ಕಚೇರಿಗೆ ಬಂದಿತ್ತು. ಹಾಗಾಗಿ ಮರುದಿನದ ನಗರದ ಪುಟದಲ್ಲಿ ನಾಲ್ಕು ಸಾಲು ಅಚ್ಚಾಯಿತು. ಮುನ್ಸೂಚನೆಯಿಲ್ಲದೆ ಬಾವಿಗಳಿಗೆ ಔಷಧ, ನಾಗರಿಕರ ಅಸಮಾಧಾನ. ನನ್ನ ಹೆಂಡತಿಯ ಕೆಲಸ ನಮ್ಮ ಪತ್ರಿಕೆಯಲ್ಲಿ ಬಂದದ್ದು ಅದೊಂದೇ ಸಲ.

ಬೆಳಗಿನ ಚಹಾದ ಜೊತೆ ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು.

“ಕೂಸಿಗೆ ಏನೂ ಆಗಿಲ್ಲ ಅಂತ ಎಲ್ಲಿ ಬರದೀರಿ?”

“ಆಗದ್ದು ಸುದ್ದಿ ಅಲ್ಲ.”

ಅವಳು ಪತ್ರಿಕೆಯನ್ನು ಮಡಚಿ ಬಿಸಿ ಪಾತ್ರೆಯ ಕೆಳಗಿಟ್ಟಳು. ಅಂಗಳದ ಆಚೆಯಿಂದ ಕೂಸು ಅಳುವುದು ಕೇಳಿಸುತ್ತಿತ್ತು. ಗಂಟಲು ಗಟ್ಟಿಯಾಗಿತ್ತು, ಹೊಟ್ಟೆ ಹಸಿದ ಕೂಸಿನ ಅಳು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ನಿಂತು, ಚೀಲ ತೆಗೆದುಕೊಂಡು ಮುಂದಿನ ವಾಡೆಗೆ ಹೊರಟಳು.